ಡಾಂಬರ್ ಗುಳಿಗೆಯ ಸೀರೆ

ಹೆಣ್ಣು ನೋಡಲು ಬಂದ ಕ್ರಾಂತಿಕುಮಾರ, ಚಹಾ ಕೊಡಲು ಬಾಗಿದ ಧಮ್ಮಶೀಲಾಳನ್ನು ಕಣ್ತುಂಬ ನೋಡಿದ. ಮರುಗಳಿಗೆ ಮೂಗು ಮುಚ್ಚಿಕೊಂಡು ಬಾಗಿಲಾಚೆ ಹೋಗಿ ನಿಂತ.

ಅವ್ವನ ಟ್ರಂಕಿನಿಂದ ತೆಗೆದು ಅವಳು ಉಟ್ಟಿದ್ದ ಸೀರೆ ಡಾಂಬರ್ ಗುಳಿಗೆ ನಾರುತ್ತಿತ್ತು, ನಿಜ. ಅಷ್ಟಕ್ಕೇ ಹೇಸಿಕೊಳ್ಳಬೇಕೇ? ಧಮ್ಮಶೀಲಾ ತಾಂಡೂರಿನ ಆಸ್ಪತ್ರೆಯೊಂದರಲ್ಲಿ ದಿನವೂ ಕೀವು, ವಾಂತಿ ಒರೆಸುವ ನರ್ಸು. ಆ ಮುಚ್ಚಿದ ಮೂಗಿನಷ್ಟು ಅಸಹ್ಯ ಯಾವುದೂ ಅವಳಿಗೆ ಆಗಿರಲಿಲ್ಲ. ಅದಕ್ಕೂ ಮೊದಲಿನ ಆ ನೋಟ ಪದೇ ಪದೇ ಹಿತವಾಗಿ ನೆನಪಾಗಿ, ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ಹತ್ತೇ ದಿನಕ್ಕೆ ಅದೇ ಮೂಗು ಅವಳ ವಾರ್ಡಿಗೆ ಬಂತು. ತೊಗರಿಗೆ ಹೂ ಹೆಚ್ಚಲೆಂದು ಹೊಡೆಯುವ ಔಷಧವನ್ನು ಕೂಲ್‌ಡ್ರಿಂಕ್ ಬಾಟಲಿಯಲ್ಲಿಟ್ಟು ಮರೆತು, ನೀರಡಿಕೆಗೆ ಕ್ರಾಂತಿಕುಮಾರ ತಾನೇ ಗುಟುಕರಿಸಿದ್ದ. ತುಟಿ ನೀಲಿ. ಅಂಗಿಯ ತುಂಬ ಬೂಟ್ ಪಾಲಿಶ್ ನಾರುವ ವಾಂತಿ. ಸಿರಿಂಜಿಗೆ ಬಂದ ರಕ್ತ ಚಾಕೊಲೇಟ್ ಬಣ್ಣ.

"ಡಿಗ್ರಿ ಓದಿದವರು ಇಂಥಾ ಹೇಸಿ ಕೆಲಸ ಮಾಡ್ತಾರೇನ್ರಿ?" ಎನ್ನುತ್ತ ಒರೆಸಿದಳು. ಆತ ಕಣ್ಣಲ್ಲೇ ನಕ್ಕ. ಆಮೇಲೆ ಪ್ರಜ್ಞೆ ತಪ್ಪಿತು.

ಡಾಕ್ಟರು ನೀಲಿ ಬಣ್ಣದ ಇಂಜೆಕ್ಷನ್ ತುಂಬಿದರು. ಈ ವಿಷಕ್ಕೆ ಅದೇ ಮದ್ದು. "ಹುಟ್ಟಿನಿಂದ ರಕ್ತದ ಕಾಯಿಲೆ ಏನಾದರೂ ಇದೆಯಾ?"

"ನಮ್ಮ ಹುಡುಗಗ ಏನೂ ಇಲ್ರಿ," ಎಂದಳು ಅವನ ತಾಯಿ ಭೂದೇವಿ, ಧಮ್ಮಶೀಲಾಳ ಕಣ್ಣು ತಪ್ಪಿಸಿ.

ತಪ್ಪಿಸಿದ ಆ ಕಣ್ಣು ಕಂಡು ಅವಳಿಗೆ ಸೀರೆ, ಅದರ ವಾಸನೆಗೆ ಆತ ಬಾಗಿಲಾಚೆ ಹೋದದ್ದು ನೆನಪಾಯಿತು. ಡಾಂಬರ್ ಗುಳಿಗೆಯ ವಾಸನೆಗೂ ರಕ್ತಕಣ ಒಡೆಯುವ ಹುಟ್ಟುಕಾಯಿಲೆಯೊಂದಿದೆ. ಅಂಥವರಿಗೆ ಈ ನೀಲಿ ಮದ್ದೇ ವಿಷ.

"ಸರ್, ತಡೀರಿ." ಡಾಕ್ಟರ ಕೈ ಹಿಡಿದೇಬಿಟ್ಟಳು. "ಅತ್ತಿ, ಖರೇ ಹೇಳ್ರಿ. ಇವರಿಗೆ ಡಾಂಬರ್ ಗುಳಿಗಿ ಯಾಕ ಆಗಲ್ಲ?"

ಭೂದೇವಿ ಅಳುತ್ತ ಚೀಲದಿಂದ ಹಳೆಯ ಆಸ್ಪತ್ರೆ ಕಾರ್ಡ್ ತೆಗೆದಳು. "ಸಂಬಂಧ ತಪ್ಪತದಂತ ಮುಚ್ಚಿಟ್ಟೆ, ತಾಯಿ."

"ಮಗನೇ ಹೋದಮ್ಯಾಲ ಯಾರಿಗಿ ಸಂಬಂಧ ಮಾಡ್ತಿದ್ರಿ?" ಧಮ್ಮಶೀಲಾ ಕಾರ್ಡ್ ಕಸಿದು ಡಾಕ್ಟರಿಗೆ ಕೊಟ್ಟಳು.

ಇಂಜೆಕ್ಷನ್ ಟ್ರೇಗೆ ಮರಳಿತು. ಆಕ್ಸಿಜನ್, ವಿಟಮಿನ್ ಸಿ, ಕಡೆಗೆ ರಕ್ತ. ಮೂರನೆಯ ದಿನ ತುಟಿ ಕೆಂಪಾಯಿತು.

"ಮೂಗು ಮುಚ್ಚಿದ್ದು ಸೀರಿ ವಾಸನಿಗ್ರಿ, ನಿಮಗಲ್ಲ," ಎಂದ ಕ್ರಾಂತಿಕುಮಾರ.

"ಕಾರ್ಡ್ ಮುಚ್ಚಿದ್ದು?"

ಆತ ತಲೆ ತಗ್ಗಿಸಿದ. "ಅವ್ವ ಆಣಿ ಹಾಕಿದ್ಳು. ಆದರೂ ತಪ್ಪು ನಂದೇ. ನಿಮ್ಮನ್ನ ನೋಡಿದಮ್ಯಾಲ ಹೇಳಾಕ ಅಂಜಿಕಿ ಆತು. ನೀವು ಈ ಸಂಬಂಧ ಬ್ಯಾಡ ಅಂದ್ರೂ ಅದು ನ್ಯಾಯಾನೇ."

ಅವಳು ನಾಡಿ ನೋಡುವ ನೆಪದಲ್ಲಿ ಮಣಿಕಟ್ಟು ಹಿಡಿದಳು. ಎಣಿಸುವುದು ಮುಗಿದರೂ ಬಿಡಲಿಲ್ಲ.

"ನನಗಿನ್ನೂ ಹೇಸಿಗಿ ಹೋಗಿಲ್ಲ," ಎಂದಳು. "ಟ್ರಂಕ್ ತೊಳದು ಬೇವಿನೆಲಿ ಹಾಕು ಅಂತ ಅವ್ವಗ ಹೇಳೀನಿ. ಐತವಾರ ಮತ್ತ ನೋಡಾಕ ಬರ್ರಿ. ಕಾರ್ಡ್ ಜೇಬಿನಾಗ ಇರಲಿ."