ಗೀಟು ಬೀಳದ ಇನ್ನೂರು

ಸುರೇಶಕುಮಾರ ಬರೆದ ವರದಿಯನ್ನು ಮೈತ್ರಿ ಮೂರನೇ ಸಲ ಓದಿದಳು. ಕಳ್ಳ ಸಿಕ್ಕಿಬಿದ್ದಿದ್ದ, ಅದೂ ತಾನೇ ಕೊಟ್ಟ ಕಾಗದದಲ್ಲಿ.

ವಾಡಿ ಹತ್ತಿರದ ಸಿಮೆಂಟ್ ಫ್ಯಾಕ್ಟರಿಯ ಇನ್‌ಸ್ಟ್ರುಮೆಂಟ್ ರೂಮಿನಲ್ಲಿ ಅವಳದು ಮೂರು ವರ್ಷದ ಕಾಂಟ್ರ್ಯಾಕ್ಟ್ ಕೆಲಸ. ನಾಲವಾರದಿಂದ ದಿನಾ ರೈಲಿನಲ್ಲಿ ಬಂದು, ಒಂದೊಂದು ಸೆನ್ಸರನ್ನೂ ಅಳೆದು, ಸರಿಯಿದೆ ಎಂದು ಸಹಿ ಹಾಕುವವಳು ಅವಳೇ. ಇವತ್ತು ನಾಲ್ಕು ಗಂಟೆಗೆ ಇನ್‌ಚಾರ್ಜ್ ಸಂಗಣ್ಣ ಸರ್ ಅವಳನ್ನು ಪರ್ಮನೆಂಟ್ ಮಾಡುವ ಕಾಗದಕ್ಕೆ ಸಹಿ ಹಾಕುವವರಿದ್ದರು.

ಅಷ್ಟರಲ್ಲಿ ಸಿಮೆಂಟ್ ಮಿಲ್ಲು ವಾರದಲ್ಲಿ ಎರಡು ಸಲ ತಾನಾಗಿಯೇ ನಿಂತುಬಿಟ್ಟಿತ್ತು. ಆಯಿಲ್ ಪ್ರೆಶರ್ ಬಿದ್ದರೆ ಮಿಲ್ಲು ನಿಲ್ಲುವುದು ನಿಯಮ, ಆದರೆ ಅದರ ಸಿಗ್ನಲ್ ಅವಳ ಮೀಟರಿನಲ್ಲಿ ಬೀಳದೆ ಸ್ಥಿರವಾಗಿತ್ತು. ಎರಡು ತಿಂಗಳ ಹಿಂದೆ ಸುಲೇಪೇಟದಿಂದ ಇದೇ ರೂಮಿಗೆ ಕೆಲಸಕ್ಕೆ ಬಂದ ಈ ಸುರೇಶಕುಮಾರ ಮಾತ್ರ, ಸಿಗ್ನಲ್ ನಡುನಡುವೆ ಬೀಳುತ್ತಿದೆ ಎಂದು ಬರೆದಿದ್ದ. ಅವನು ಬರೆದದ್ದು ನಿಜವಾದರೆ ಅವಳ ಸಹಿ ಸುಳ್ಳು. ನೌಕರಿಯೂ ಹೋದಂತೆಯೇ.

ಅವನ ಮೇಲೆ ಅವಳಿಗೆ ಮೊದಲಿನಿಂದಲೂ ಗುಮಾನಿ. ಅವಳು ಕತ್ತೆತ್ತಿದಾಗಲೆಲ್ಲ ಅವನ ಕಣ್ಣು ಇತ್ತಲೇ ಇರುತ್ತಿತ್ತು. ನೋಡಿಬಿಟ್ಟಳು ಎಂದು ತಿಳಿದ ಕೂಡಲೇ ಮೀಟರಿನ ಮೇಲೆ ಇಲ್ಲದ ಧೂಳು ಒರೆಸುತ್ತ ಕೂರುತ್ತಿದ್ದ. ಆಗ ಕೆಂಪಾಗುವ ಆ ಕಿವಿಗಳು ಅವಳಿಗೆ ಇಷ್ಟವೂ ಆಗಿದ್ದವು, ಸುಳ್ಳು ಯಾಕೆ ಹೇಳಬೇಕು! ಆದರೆ ಅವನು ತನ್ನ ಹತ್ತಿರ ಮೈತ್ರಿಯ ರೈಲಿನ ಟೈಮ್ ವಿಚಾರಿಸಿದನೆಂದು ಸ್ಟೋರಿನ ಹಸೀನಾಬೇಗಂ ಹೇಳಿ, ಅವನ ಕಣ್ಣು ನಿನ್ನ ಕುರ್ಚಿಯ ಮೇಲಿದೆ ಎಂದು ಒಗ್ಗರಣೆಯನ್ನೂ ಹಾಕಿದ ಮೇಲೆ, ಆ ಕಿವಿಗಳೂ ಕಳ್ಳನ ಕಿವಿಗಳಂತೆಯೇ ಕಂಡವು.

"ಇಲ್ಲಿ ಕುಂದ್ರಿ," ಎಂದು ಮೈತ್ರಿ ವರದಿಯನ್ನು ಅವನ ಮುಂದಿಟ್ಟಳು. "ಈ ಖಾನಿ ಓದ್ರಿ."

ಅಪರ್ಚರ್ ಟೈಮ್, ಅಂದರೆ ಒಂದು ರೀಡಿಂಗಿಗಾಗಿ ಮೀಟರು ಸಿಗ್ನಲನ್ನು ನೋಡುತ್ತ ಕೂರುವ ಹೊತ್ತು: ಇನ್ನೂರು ಮಿಲಿಸೆಕೆಂಡು. ಅದರ ಕೆಳಗಿನ ಖಾನೆಯಲ್ಲಿ, ಸೆಕೆಂಡಿಗೆ ಇನ್ನೂರು ರೀಡಿಂಗ್.

"ಒಂದು ರೀಡಿಂಗಿಗೆ ಸೆಕೆಂಡಿನ ಐದನೇ ಪಾಲು ಬೇಕು. ಅಂದ್ರ ಸೆಕೆಂಡಿಗೆ ಐದರ ಮ್ಯಾಲೆ ಒಂದೂ ಬರಂಗಿಲ್ಲ. ನೀವು ಇನ್ನೂರು ಹ್ಯಾಂಗ ತಗೊಂಡ್ರಿ? ಕುಂತಲ್ಲೇ ಬರದ್ರೇನು?"

ಅವನು ನೆಲ ನೋಡಿದ. ಕಿವಿ ಕೆಂಪಾದವು.

"ನಾ ಅಪರ್ಚರ್ ಎರಡೇ ಮಿಲಿಸೆಕೆಂಡ್ ಇಟ್ಟಿದ್ದೆ ರಿ."

"ಮತ್ತ ಇಲ್ಲಿ ಇನ್ನೂರು ಯಾಕದ?"

"ಅದು ನಿಮ್ಮ ಅಕ್ಷರ."

ಹೌದು, ಹಸಿರು ಇಂಕಿನ ಅವಳದೇ ಅಕ್ಷರ. ಅವಳು ಯಾವಾಗಲೂ ಇಡುವುದು ಇನ್ನೂರೇ ಆದ್ದರಿಂದ, ಕೆಲಸವಿಲ್ಲದ ಹೊತ್ತಿನಲ್ಲಿ ಫಾರಂಗಳ ಕಟ್ಟು ಮುಂದಿಟ್ಟುಕೊಂಡು ಆ ಒಂದು ಖಾನೆ ತುಂಬಿಟ್ಟಿರುತ್ತಿದ್ದಳು. ಅವನು ತೆಗೆದುಕೊಂಡದ್ದು ಅಂಥದೊಂದು ಫಾರಂ.

"ಹೊಡದುಹಾಕಿ ಎರಡು ಅಂತ ಬರೀಬೇಕಿತ್ತು. ಪೆನ್ನೂ ತಗೊಂಡೆ. ನಿಮ್ಮ ಅಕ್ಷರದ ಮ್ಯಾಲೆ ಗೀಟು ಎಳೀಲಿಕ್ಕ ಕೈ ಬರಲಿಲ್ರಿ."

ಇಂಥ ನೆಪವನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಕೇಳಲು ಹಿತವಾಗಿತ್ತು, ಆದರೂ ನಂಬಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಅಪ್ಪನ ಮಗಳು ಅವಳು. ಮೀಟರು ಎತ್ತಿಕೊಂಡು ಮಿಲ್ಲಿನ ಕಡೆ ನಡೆದಳು, ಅವನು ಹಿಂದಿನಿಂದ ವೈರು ಹಿಡಿದು ಬಂದ.

ಮೊದಲು ತನ್ನ ಇನ್ನೂರು ಇಟ್ಟಳು. ಅಷ್ಟು ಹೊತ್ತು ನೋಡಿದರೆ ಕರೆಂಟಿನ ಗುಂಯ್‌ಗುಡುವಿಕೆಯೆಲ್ಲ ಸರಾಸರಿಯಲ್ಲಿ ಅಳಿಸಿಹೋಗಿ ಅಂಕಿ ನಿಚ್ಚಳವಾಗಿ ನಿಲ್ಲುತ್ತದೆ. ನಿಂತಿತು. ಆಮೇಲೆ ಎರಡಕ್ಕೆ ಇಳಿಸಿ, ಸೆಕೆಂಡಿಗೆ ಇನ್ನೂರು ರೀಡಿಂಗ್ ತೆಗೆದಳು. ಅಂಕಿಗಳು ನಡುಗಿದವು. ಆ ನಡುಕದ ನಡುವೆ, ಒಮ್ಮೆ, ಸಿಗ್ನಲ್ ಧೊಪ್ಪನೆ ಬಿದ್ದು ಎದ್ದಿತು. ಐದು ಮಿಲಿಸೆಕೆಂಡು, ಅಷ್ಟೇ. ಅವಳ ಇನ್ನೂರರಲ್ಲಿ ಅದು ಹಂಡೆ ನೀರಿಗೆ ಬಿದ್ದ ಚಿಟಿಕೆ ಉಪ್ಪು. ಕಂಟ್ರೋಲ್ ರೂಮಿನಲ್ಲಿ ಈ ಸಿಗ್ನಲ್ ಓದುವ ಹೊಸ ಕಾರ್ಡ್ ಮಾತ್ರ ಅದನ್ನೂ ಹಿಡಿದು ಮಿಲ್ಲು ನಿಲ್ಲಿಸುತ್ತಿತ್ತು.

ಸಂಗಣ್ಣ ಸರ್‌ಗೆ ಹೇಳಿ ಮಿಲ್ಲು ಬಂದ್ ಮಾಡಿಸಿ, ವೈರು ಕೂಡುವ ಡಬ್ಬಿ ಬಿಚ್ಚಿದರು. ಅದುರಿ ಅದುರಿ ಒಂದು ಸ್ಕ್ರೂ ಸಡಿಲವಾಗಿತ್ತು. ಬಿಗಿದು ಮತ್ತೆ ಚಾಲೂ ಮಾಡಿದ ಮೇಲೆ ಅರ್ಧ ತಾಸು ನೋಡಿದರೂ ಒಂದು ಸಲವೂ ಬೀಳಲಿಲ್ಲ. ಸೆನ್ಸರು ಸರಿಯಿತ್ತು, ಅವಳ ಸಹಿಯೂ ನಿಜ, ಅವನ ವರದಿಯೂ ನಿಜ.

"ಮತ್ತ ನನ್ನ ರೈಲಿನ ಟೈಮ್ ಯಾಕ ಬೇಕಿತ್ತು?"

"ಪ್ಲಾಟ್‌ಫಾರ್ಮಿನ್ಯಾಗ ನಿಂತು ಮಾತಾಡಬೇಕಂತ. ನಾಕು ದಿನ ಬಂದೆ, ಧೈರ್ಯ ಆಗಲಿಲ್ಲ. ನೀವಂದ್ರ ನಂಗ ಭಾಳ ಇಷ್ಟ ರಿ."

ರೂಮಿಗೆ ಬಂದು, ವರದಿಯಲ್ಲಿನ ತನ್ನ ಇನ್ನೂರಕ್ಕೆ ತಾನೇ ಗೀಟು ಎಳೆದು ಎರಡು ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದಳು. ಅವನು ತನಗೇ ಗಾಯವಾದಂತೆ ಮುಖ ಕಿವುಚಿದ. ಆ ಮುಖ ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ.

ನಾಲ್ಕು ಗಂಟೆಗೆ ಸಂಗಣ್ಣ ಸರ್ ವರದಿ ಓದಿ, ಅವಳ ಕಾಗದಕ್ಕೆ ಸಹಿ ಹಾಕಿದರು. ಹೊರಡುವಾಗ ಮೈತ್ರಿ ಕಟ್ಟಿನಿಂದ ಒಂದು ಖಾಲಿ ಫಾರಂ ತೆಗೆದು, ಅಪರ್ಚರ್ ಟೈಮ್ ಎಂಬಲ್ಲಿ ಹಸಿರು ಇಂಕಿನಿಂದ ಬರೆದು ಅವನ ಮುಂದೆ ಸರಿಸಿದಳು.

ಬರೆದದ್ದು: ಐತವಾರ, ಇಡೀ ದಿನ. ನಾಲವಾರದಾಗ, ನಮ್ಮ ಮನಿ.

"ನಮ್ಮಪ್ಪ ನನಗಿಂತ ಗುಮಾನಿ ಮನುಷ್ಯ," ಎಂದಳು. "ಎರಡು ಮಿಲಿಸೆಕೆಂಡ್ ನೋಡಿ ಯಾರನ್ನೂ ಒಪ್ಪಂಗಿಲ್ಲ."

"ಮತ್ತ ನೀವು?"

ಈ ಸಲ ಕೆಂಪಾದದ್ದು ಅವಳ ಕಿವಿ.

"ನಾ ಖಾನಿ ತುಂಬೀನಲ್ಲ," ಎಂದಳು. "ಗೀಟು ಹೊಡೀಬ್ಯಾಡ್ರಿ."