ಎರಡು ನಲವತ್ತೇಳಕ್ಕೆ ಹಾರಿದ ಡ್ರೋನ್

ಬಲೆ ಭಾರವಾಗಿತ್ತು. ಹೂವಪ್ಪ ಮೊದಲು ಖುಷಿಪಟ್ಟ. ಆಮೇಲೆ ಒಂದು ಕಪ್ಪು ತೋಳು ನೀರಿನಿಂದ ಮೇಲೆದ್ದಿತು. ಎರಡನೆಯದೂ ಬಂತು. ಒಟ್ಟು ಆರು ತೋಳು, ಮುರಿದ ಮೂರು ರೆಕ್ಕೆ, ಹೊಟ್ಟೆಗೆ ಅಂಟಿದ ಬಿಳಿ ಟ್ಯಾಂಕು. ಹೂವಪ್ಪ ಅದನ್ನು ದೋಣಿಗೆ ಎಳೆದುಕೊಂಡ. ಅದು ಅವನ ಮಗಳು ಹಾರಿಸುವ ಡ್ರೋನ್.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಇದು ನಡೆಯಿತು. ಒಂಬತ್ತಕ್ಕೆ ಹೊಸನಗರದಿಂದ ಜೀಪು ಬಂತು. ಸಬ್ ಇನ್ಸ್‌ಪೆಕ್ಟರ್ ಶಿಲ್ಪಶ್ರೀ ಇಳಿದಳು. ಕೈಗಡಿಯಾರ ನೋಡಿಕೊಂಡಳು. ಅದು ಐದು ನಿಮಿಷ ಮುಂದಿತ್ತು. ಕಾನ್‌ಸ್ಟೇಬಲ್‌ಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸಲು ಅವಳು ಕಂಡುಕೊಂಡ ಉಪಾಯ ಅದು.

"ಅಲ್ಲೇ ಯಾಕೆ ಬಲೆ ಹಾಕಿದ್ರಿ?"

"ಮೂವತ್ತು ವರ್ಷದಿಂದ ಅಲ್ಲೇ ಹಾಕದು ಮೇಡಂ. ಕೆಳಗೆ ಮುಳುಗಡೆ ಆದ ಗದ್ದೆ ಬದು ಐತೆ. ಮೀನು ಅಲ್ಲೇ ನಿಲ್ಲದು."

"ಡ್ರೋನ್ ಅಲ್ಲಿದೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿದ್ರೆ ಹೊಸ ಬಲೆ ಹಾಕ್ತಿದ್ನಾ? ನೋಡಿ, ಹೆಂಗೆ ಹರಿದೋಗಿದೆ."

ಹೊನ್ನೆಜಡ್ಡು ಶರಾವತಿ ಹಿನ್ನೀರಿನ ಅಂಚಿನ ಊರು. ಡ್ರೋನ್ ಇಲ್ಲಿನ ಮಹಿಳಾ ಸಂಘದ್ದು. ತೋಟಕ್ಕೆ ಔಷಧಿ ಹೊಡೆಯುವುದು ಅದರ ಕೆಲಸ. ಹಾರಿಸಲು ಪೈಲಟ್ ಸರ್ಟಿಫಿಕೇಟ್ ಇದ್ದದ್ದು ಊರಿಗೆಲ್ಲ ಒಬ್ಬಳಿಗೆ, ಹೂವಪ್ಪನ ಮಗಳು ಸ್ವಪ್ನಾಗೆ. ಡ್ರೋನ್ ಇರುತ್ತಿದ್ದದ್ದು ಶಾಲೆ ಪಕ್ಕದ ಗೋದಾಮಿನಲ್ಲಿ. ಅದರ ಬೀಗ ಗಟ್ಟಿಯಾಗಿತ್ತು, ಯಾರೂ ಒಡೆದಿರಲಿಲ್ಲ. ರಿಮೋಟು ತನ್ನ ಪೆಟ್ಟಿಗೆಯಲ್ಲೇ ಮಲಗಿತ್ತು.

ಕೀಲಿಗಳು ಎರಡು. ಒಂದು ಸ್ವಪ್ನಾಳ ಹತ್ತಿರ. ಇನ್ನೊಂದು ಸಂಘದ ಅಧ್ಯಕ್ಷೆ ಯಮುನಮ್ಮನ ಅಡುಗೆಮನೆಯ ತಗಡಿನ ಡಬ್ಬಿಯಲ್ಲಿ. ರಿಮೋಟಿನ ಗುಪ್ತ ಸಂಖ್ಯೆ ಗೊತ್ತಿದ್ದದ್ದು ಸ್ವಪ್ನಾಗೆ ಮಾತ್ರ. ಅದರ ಒಂದು ಪ್ರತಿ, ತುರ್ತಿಗೆಂದು, ಸಾಗರದ ಸರ್ವಿಸ್ ಸೆಂಟರಿನವರು ಗಮ್ ಹಾಕಿ ಅಂಟಿಸಿದ ಲಕೋಟೆಯಲ್ಲಿ ಅದೇ ಡಬ್ಬಿಯಲ್ಲಿತ್ತು.

"ಗುರುವಾರ ಸಭೆ ಐತೆ. ಇದು ಅವಳದ್ದೇ ಕೆಲಸ ಅಂತಾದ್ರೆ ಅವಳನ್ನ ಪೈಲಟ್ ಕೆಲಸದಿಂದ ತೆಗೀತೀವಿ," ಎಂದರು ಯಮುನಮ್ಮ. "ಸರ್ಟಿಫಿಕೇಟು ರದ್ದು ಮಾಡಿ ಅಂತ ಬರೀಬೇಕಾಗ್ತದೆ. ನಂಗೂ ಬೇಜಾರೇ."

* * *

ಅದೇ ಮಧ್ಯಾಹ್ನ ಸಾಗರದ ಡ್ರೋನ್ ಸರ್ವಿಸ್ ಸೆಂಟರಿನಿಂದ ಗಣೇಶ್ ಬಂದ. ರಿಮೋಟನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಸಂಘದ ಕಟ್ಟಡದ ತುಂಬ ಜನ. ಸ್ವಪ್ನಾಳನ್ನು ಹೊರಗೆ ಜಗಲಿಯಲ್ಲಿ ಕೂರಿಸಿದ್ದರು.

"ಕೊನೇ ಹಾರಾಟ ಸೋಮವಾರ," ಗಣೇಶ್ ಓದಿದ. "ಎರಡು ಗಂಟೆ ನಲವತ್ತೇಳು ನಿಮಿಷ. ಇದು ಇಪ್ಪತ್ನಾಲ್ಕು ಗಂಟೆ ಲೆಕ್ಕ. ಅಂದ್ರೆ ಮಧ್ಯಾಹ್ನ ಅಲ್ಲ, ಬೆಳಗಿನ ಜಾವ."

ಭಾನುವಾರ ಮಹಾಲಯ ಅಮಾವಾಸ್ಯೆ. ಅಮಾವಾಸ್ಯೆಯ ಕಗ್ಗತ್ತಲಲ್ಲಿ ಡ್ರೋನ್! ಕೋಣೆಯಲ್ಲಿ ಗುಸುಗುಸು ಎದ್ದಿತು. ಹತ್ತೇ ನಿಮಿಷದಲ್ಲಿ ಮೂರು ಜನಕ್ಕೆ ಆ ಸದ್ದು ಕೇಳಿಸಿದ ನೆನಪಾಯಿತು. ಒಬ್ಬರ ನಾಯಿಗೂ ಕೇಳಿಸಿತ್ತಂತೆ.

ಯಮುನಮ್ಮ ಸ್ವಪ್ನಾಳ ತಪಾಸಣೆ ಪುಸ್ತಕ ತೆರೆದರು. ಪ್ರತಿ ಹಾರಾಟಕ್ಕೂ ಮೊದಲು ಅವಳು ಅದರಲ್ಲಿ ಬರೆಯುತ್ತಿದ್ದಳು. ಸೋಮವಾರ ಬೆಳಿಗ್ಗೆ 7:45ರ ಸಾಲು ಗುಂಡಗಿನ ಅಕ್ಷರಗಳಲ್ಲಿತ್ತು: 'ಗಾಳಿ ಸೆಕೆಂಡಿಗೆ 9 ಮೀಟರ್. ಮಿತಿ 6. ಹಾರಿಸಿಲ್ಲ. ರೆಕ್ಕೆ ಸರಿ. ಬ್ಯಾಟರಿ ಸರಿ.'

"ಐದು ಗಂಟೆ ಮೊದ್ಲೇ ನೀರಲ್ಲಿದ್ದ ಡ್ರೋನಿನ ರೆಕ್ಕೆನ ಇವಳು ಹೆಂಗೆ ನೋಡಿದ್ಲು?"

ಆಗ ಯಮುನಮ್ಮನ ಮಗ ದಿನೇಶ್ ಮುಂದೆ ಬಂದ. ಸೋಮವಾರ ಔಷಧಿ ಹೊಡೆಯಬೇಕಿದ್ದದ್ದು ಅವನ ತೋಟಕ್ಕೆ.

"ಗೋದಾಮಿನ ಬಾಗ್ಲೇ ತೆಗೀಲಿಲ್ಲ ಮೇಡಂ. ಗಾಳಿ ಜಾಸ್ತಿ ಅಂದ್ಲು, ಬಸ್ ಹತ್ತಿದ್ಲು. ಈಗ ಗೊತ್ತಾಯ್ತಲ್ಲ ಯಾಕೆ ಅಂತ."

"ರಾತ್ರಿ ನಿಮಗೂ ಏನಾದ್ರೂ ಕೇಳಿಸ್ತಾ?"

"ಕೇಳ್ಸದಲ್ಲ, ನೋಡೇ ಬಿಟ್ಟೆ. ಹಂದಿ ಕಾಯಕ್ಕೆ ಅಟ್ಟಳೆ ಮೇಲಿದ್ದೆ. ಶಾಲೆ ಮೈದಾನದಿಂದ ಎದ್ದು, ಹಲಸಿನ ಮರಕ್ಕೆ ಎರಡು ಸುತ್ತು ಬಂತು. ಆಮೇಲೆ ಓಲಾಡ್ಕೊಂಡು ನೀರಿನ ಕಡೆ ಹೋಯ್ತು. ಕೆಂಪು ಹಸಿರು ದೀಪ ಮಿಣಿ ಮಿಣಿ ಅಂತಿತ್ತು."

"ಕೂಗ್ಲಿಲ್ವಾ?"

"ಅಮಾವಾಸ್ಯೆ ರಾತ್ರಿ ಅಟ್ಟಳೆ ಇಳಿಯೋ ಧೈರ್ಯ ನಿಮಗಿದೆಯಾ ಮೇಡಂ?"

ಜನ ನಕ್ಕರು. ಶಿಲ್ಪಶ್ರೀಯೂ ನಕ್ಕಳು. ಎಲ್ಲವನ್ನೂ ಬರೆದುಕೊಂಡಳು. ಗಣೇಶ್‌ನಿಂದ ಇಡೀ ದಾಖಲೆಯ ಪ್ರಿಂಟ್ ಕೇಳಿದಳು. ನಾಲ್ಕು ಹಾಳೆ ಬಂತು. ಅವನು ಓದಿದ್ದು ಮೊದಲ ಸಾಲು ಮಾತ್ರ.

* * *

ಬುಧವಾರ ಹೊಸನಗರ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ವಾಸಪ್ಪ ಸಿಕ್ಕ. ಸ್ವಪ್ನಾ ಬಸ್ಸಿನಲ್ಲಿ ಏನಾದರೂ ಸಾಗಿಸಿದಳೇ ಎಂಬುದು ಶಿಲ್ಪಶ್ರೀಯ ಅನುಮಾನ.

"ಸೋಮವಾರ ಎಂಟೂ ಐದಕ್ಕೆ ಹತ್ತಿದ್ಲು. ತೀರ್ಥಹಳ್ಳಿ ಟಿಕೆಟು. ಪೈಲಟ್‌ಗಳ ಟ್ರೈನಿಂಗ್ ಅಂದ್ಲು."

"ಕೈಯಲ್ಲಿ ಏನಿತ್ತು?"

"ಗಾಳಿ ಅಳೆಯೋ ಒಂದು ಪುಟ್ಟ ಫ್ಯಾನು. ಕಿಟಕಿಯಿಂದ ಆಚೆ ಹಿಡಿದ್ಲು. 'ಹನ್ನೊಂದು ಮೀಟರ್ ತೋರಿಸ್ತಿದೆ, ಅಂದ್ರೆ ಗಂಟೆಗೆ ನಲವತ್ತು ಕಿಲೋಮೀಟರ್. ನಿಮ್ಮ ಎಕ್ಸ್‌ಪ್ರೆಸ್ ಬಸ್ಸಿಗೆ ಇಷ್ಟೇನಾ ವಾಸಪ್ಪಣ್ಣ' ಅಂದ್ಲು. ಡ್ರೈವರಿಗೆ ಭಾರೀ ಸಿಟ್ಟು ಬಂತು."

"ಆವತ್ತು ನಿಜವಾಗ್ಲೂ ಗಾಳಿ ಇತ್ತಾ?"

"ಎಂತ ಕೇಳ್ತೀರಿ? ಬಸ್ಸಿನ ಮೇಲಿನ ಟಾರ್ಪಾಲು ಹಾರಿ ಹೋಗಿ, ಅರ್ಧ ಕಿಲೋಮೀಟರ್ ಹಿಂದೆ ಓಡಿ ತಂದೆ. ಭಾನುವಾರ ರಾತ್ರಿ ನೋಡಿದ್ರೆ ಒಂದು ಎಲೆ ಅಲ್ಲಾಡಿಲ್ಲ. ಸೆಖೆಗೆ ಬಸ್ಸಿನ ಟಾಪಲ್ಲೇ ಮಲಗಿದ್ದೆ."

ಶಿಲ್ಪಶ್ರೀ ಜೀಪಿನಲ್ಲಿ ಕೂತು ನಾಲ್ಕು ಹಾಳೆಗಳನ್ನು ತೊಡೆಯ ಮೇಲೆ ಹರಡಿದಳು. ಅಂಕಿಗಳ ಕಾಡು. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು.

ದೀಪಗಳು: ಆಫ್.

ಮತ್ತೆ ಓದಿದಳು. ಹಾರಾಟ ಶುರುವಾಗಿ ಬೀಳುವವರೆಗೂ ದೀಪ ಉರಿದಿರಲಿಲ್ಲ. ಹಾಗಾದರೆ ದಿನೇಶ್ ಕಂಡ ಕೆಂಪು ಹಸಿರು ಯಾವುದು? ಸುಳ್ಳು ಹೇಳಿರಬೇಕು. ಊರಿನ ನಾಯಿಯ ಹಾಗೆ ಅವನಿಗೂ ಈಗ ನೆನಪಾಗಿರಬೇಕು.

ಮೂರನೆಯ ಹಾಳೆಯಲ್ಲಿ ಡ್ರೋನ್ ಹೋದ ದಾರಿಯ ನಕ್ಷೆಯಿತ್ತು. ಶಾಲೆಯ ಮೈದಾನ. ಅದರಾಚೆ ಒಂದೇ ಜಾಗದ ಸುತ್ತ ಎರಡು ಉಂಗುರ. ಅಲ್ಲಿಂದ ಡೊಂಕುಡೊಂಕಾಗಿ ನೀರಿಗೆ. ದಿನೇಶ್ ಹೇಳಿದ್ದು ಅಕ್ಷರಶಃ ನಿಜ.

ದೀಪ ಸುಳ್ಳು, ದಾರಿ ನಿಜ. ಅಮಾವಾಸ್ಯೆಯ ಕತ್ತಲಲ್ಲಿ, ದೀಪವಿಲ್ಲದ ಕಪ್ಪು ಡ್ರೋನನ್ನು ಅವನು ನೋಡಿದ್ದು ಹೇಗೆ?

ನಾಲ್ಕನೆಯ ಹಾಳೆ: ಗಾಳಿಯ ಎಚ್ಚರಿಕೆ, ಸೆಕೆಂಡಿಗೆ 11 ಮೀಟರ್. ಎಲೆ ಅಲ್ಲಾಡದ ರಾತ್ರಿಯಲ್ಲಿ.

ಅವಳು ಮೊದಲ ಹಾಳೆಗೆ ಮರಳಿದಳು. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ. ಕೊನೆಯಲ್ಲಿ ಒಂಟಿಯಾಗಿ ಒಂದು ಇಂಗ್ಲಿಷ್ ಅಕ್ಷರ, ಝಡ್. ಗಣೇಶ್‌ಗೆ ಫೋನು ಮಾಡಿದಳು.

"ಅದು ಎಲ್ಲಾದ್ರಲ್ಲೂ ಬರುತ್ತೆ ಮೇಡಂ. ನಾವು ಅದನ್ನ ಓದಲ್ಲ."

* * *

ಸ್ವಪ್ನಾ ಅಂಗಳದಲ್ಲಿ ಕೂತು ಅಪ್ಪನ ಹರಿದ ಬಲೆ ಹೆಣೆಯುತ್ತಿದ್ದಳು. ಶಿಲ್ಪಶ್ರೀಯನ್ನು ಕಂಡು ಎದ್ದು ನಿಂತಳು. ತಾಯಿ ಕನ್ನಮ್ಮ ಬಾಗಿಲಲ್ಲೇ ನಿಂತು, "ಇನ್ನೂ ಕೇಳದು ಐತಾ?" ಎಂದಳು.

"ಒಂದೇ ಪ್ರಶ್ನೆ. ಸ್ವಪ್ನಾ, ಇದು ಡ್ರೋನಿನ ದಾಖಲೆ. ಈ ಅಕ್ಷರ ಎಂತದು?"

ಸ್ವಪ್ನಾ ಹಾಳೆ ತೆಗೆದುಕೊಂಡಳು. ಅವಳ ತುಟಿ ಅಲ್ಲಾಡಿತು. ಬೆರಳು ಎಣಿಸಿತು. ಮೆಲ್ಲಗೆ ಮತ್ತೆ ಕೂತುಬಿಟ್ಟಳು.

"ಮೇಡಂ, ಇದು ರಾತ್ರಿ ಅಲ್ಲ."

"ಅಂದ್ರೆ?"

"ಇದು ಜಗತ್ತಿನ ಗಂಟೆ. ಐಎಸ್‌ಒ 8601 ಅಂತ ಒಂದು ನಿಯಮ ಐತೆ. ಎಲ್ಲಾ ದೇಶದವರೂ ಕೂತು ಒಪ್ಪಿರೋದು. ದಿನಾಂಕ ಹಿಂಗೆ ಬರೀಬೇಕು, ಕೊನೆಗೆ ಈ ಅಕ್ಷರ ಇದ್ರೆ ಅದು ಯಾವ ಊರಿನ ಗಂಟೆನೂ ಅಲ್ಲ, ಎಲ್ಲರ ಗಂಟೆ. ನಮ್ಮ ಗಂಟೆ ಬೇಕಾದ್ರೆ ಐದೂವರೆ ಸೇರಿಸ್ಬೇಕು."

ಎರಡು ನಲವತ್ತೇಳಕ್ಕೆ ಐದೂವರೆ. ಎಂಟು ಗಂಟೆ ಹದಿನೇಳು ನಿಮಿಷ. ಸೋಮವಾರ, ಹಾಡುಹಗಲು. ಬಸ್ಸು ಹೊರಟು ಹನ್ನೆರಡು ನಿಮಿಷವಾಗಿತ್ತು.

"ಇದನ್ನ ನೆನ್ನೇನೇ ಯಾಕೆ ಹೇಳ್ಲಿಲ್ಲ ನೀನು?"

"ನನಗೆ ಯಾರೂ ಕಾಗದ ತೋರಿಸ್ಲಿಲ್ಲ ಮೇಡಂ. ಹೊರಗೆ ಕೂರಿಸಿದ್ರು."

ಶಿಲ್ಪಶ್ರೀ ಕೈಗಡಿಯಾರ ನೋಡಿಕೊಂಡಳು. ಈ ಊರಿನಲ್ಲಿ ಶಾಲೆಯ ಗಡಿಯಾರ ಹಿಂದೆ, ಯಮುನಮ್ಮನ ಮನೆಯದು ಮುಂದೆ, ತನ್ನ ಕೈಯದೂ ಸುಳ್ಳು. ಎಲ್ಲೋ ಕೂತ ಯಾರೋ, ಹೊನ್ನೆಜಡ್ಡು ಎಂಬ ಹೆಸರನ್ನೇ ಕೇಳದವರು, ಒಂದು ಗಂಟೆಗೆ ಒಪ್ಪಿಕೊಂಡಿದ್ದರು. ಅದನ್ನು ಈ ಹುಡುಗಿ ಬಲೆ ಹೆಣೆಯುವ ಬೆರಳಲ್ಲೇ ಲೆಕ್ಕ ಹಾಕಿದ್ದಳು.

* * *

ಗುರುವಾರದ ಸಭೆಗೆ ಸ್ವಪ್ನಾಳನ್ನು ಶಿಲ್ಪಶ್ರೀಯೇ ಒಳಗೆ ಕರೆತಂದಳು. ಮುಂದಿನ ಸಾಲಿನಲ್ಲಿ ಕೂರಿಸಿದಳು. ಗಂಟೆಯ ಲೆಕ್ಕವನ್ನು ಸ್ವಪ್ನಾಳ ಬಾಯಿಂದಲೇ ಹೇಳಿಸಿದಳು.

"ಹಾಗಾದ್ರೆ ಅಮಾವಾಸ್ಯೆ ರಾತ್ರಿ ಏನೂ ಹಾರ್ಲಿಲ್ವಾ?" ಯಾರೋ ಕೇಳಿದರು.

"ಏನೂ ಇಲ್ಲ. ಹಾರಿದ್ದು ಸೋಮವಾರ ಬೆಳಿಗ್ಗೆ, ನಿಮ್ಮೆಲ್ಲರ ತಲೆ ಮೇಲೆ. ದಿನಾ ಕೇಳೋ ಸದ್ದು, ಯಾರೂ ತಲೆ ಎತ್ತಲಿಲ್ಲ. ಸ್ವಪ್ನಾ ಆಗ ಬಸ್ಸಲ್ಲಿದ್ಲು. ಅವಳ ಪುಸ್ತಕ ಸುಳ್ಳಲ್ಲ. ಏಳೂ ಮುಕ್ಕಾಲಿಗೆ ರೆಕ್ಕೆ ಸರಿ ಇತ್ತು, ಗಾಳಿ ಸರಿ ಇರ್ಲಿಲ್ಲ."

ಶಿಲ್ಪಶ್ರೀ ದಿನೇಶ್ ಕಡೆ ತಿರುಗಿದಳು.

"ದಿನೇಶ್, ರಾತ್ರಿ ಅನ್ನೋದು ನಿಮಗೆ ಗಣೇಶ್ ಓದಿದ ಕಾಗದದಿಂದ ಸಿಕ್ತು. ರಾತ್ರಿ ಅಂದ್ಮೇಲೆ ದೀಪ ಬೇಕಲ್ಲ, ಅದನ್ನ ನೀವೇ ಹಚ್ಚಿದ್ರಿ. ಆದ್ರೆ ಹಲಸಿನ ಮರದ ಎರಡು ಸುತ್ತು? ಅದನ್ನ ಇಲ್ಲಿ ಯಾರೂ ಓದಿ ಹೇಳ್ಲಿಲ್ಲ. ಮೂರನೇ ಹಾಳೇಲಿದೆ ಅದು. ನಿಮಗೆ ಹೆಂಗೆ ಗೊತ್ತಾಯ್ತು?"

"ಬೆಳಿಗ್ಗೆ ನೋಡಿರ್ಬೇಕು. ರಾತ್ರಿ ಅಂತ ತಪ್ಪಿ ಹೇಳ್ದೆ."

"ಬೆಳಿಗ್ಗೆ ಹಾರಿದ್ದನ್ನ ನೋಡಿದ್ರೆ, ಗೋದಾಮಿನ ಬಾಗ್ಲೇ ತೆಗೀಲಿಲ್ಲ ಅಂತ ಯಾಕೆ ಹೇಳಿದ್ರಿ?"

ಶಿಲ್ಪಶ್ರೀ ಉತ್ತರಕ್ಕೆ ಕಾಯದೆ ಅವನ ತಾಯಿಯ ಕಡೆ ತಿರುಗಿದಳು.

"ಯಮುನಮ್ಮ, ಡಬ್ಬಿ ತಂದಿದೀರಾ?"

ಯಮುನಮ್ಮ ಮಡಿಲಲ್ಲಿದ್ದ ಡಬ್ಬಿ ತೆರೆದರು. ಕೀಲಿ ಇತ್ತು. ಲಕೋಟೆ ಇತ್ತು, ಅಂಟಿಸಿಯೇ ಇತ್ತು. ಆದರೆ ಅದರ ಅಂಚಿನುದ್ದಕ್ಕೂ ಸಣ್ಣ ಕೆಂಪಿರುವೆಗಳು ಸಾಲುಗಟ್ಟಿದ್ದವು. ಯಮುನಮ್ಮ ಉಗುರಿನಿಂದ ಅಂಟನ್ನು ಕೆರೆದರು. ಸಾಗರದಲ್ಲಿ ಅಂಟಿಸಿದ್ದ ಗಮ್ ಅದಲ್ಲ. ಒಣಗಿದ ಅನ್ನದ ಅಗುಳು.

ಪೊಲೀಸರು ಕೇಳುವ ಮೊದಲು ತಾಯಿಯೇ ಕೇಳಿದರು.

"ಸೋಮವಾರ ನನ್ನ ಅಡುಗೆಮನೆಗೆ ನೀನು ಯಾಕೆ ಬಂದಿದ್ದೆ ದಿನೇಶ?"

"ಅಮ್ಮ..."

"ಹೇಳು."

"ಮೋಡ ಕಟ್ಟಿತ್ತು. ಅವತ್ತು ಔಷಧಿ ಹೊಡೀದಿದ್ರೆ ಫಸಲಿಗೆ ಕೊಳೆ ರೋಗ ಬರ್ತಿತ್ತು." ಅವನ ದನಿ ಸಣ್ಣದಾಯಿತು. "ಹೂವಪ್ಪನ ಮಗಳು ಬಂದು ನಂಗೆ ಗಾಳಿ ಪಾಠ ಹೇಳ್ತಾಳೆ. ಆರು ಅಂತೆ, ಒಂಬತ್ತು ಅಂತೆ. ಹದಿನೈದು ದಿನ ಅವಳು ಹಾರ್ಸದು ನೋಡಿದೀನಿ, ನಂಗೆ ಬರಲ್ವಾ ಅಂದ್ಕೊಂಡೆ. ಮರದ ಹತ್ರ ಗಾಳಿ ಹಿಡ್ಕೊಂಡು ಗಿರಗಿರ ತಿರುಗಿಸ್ತು. ಎಂತ ಒತ್ತಿದ್ರೂ ಕೇಳ್ಲಿಲ್ಲ. ಎಳ್ಕೊಂಡು ಹೋಗಿ ನೀರಿಗೆ ಹಾಕ್ತು."

"ಅದಕ್ಕೇ ಆರು ಅಂತ ಬರ್ದಿರೋದು," ಎಂದಳು ಸ್ವಪ್ನಾ. ಗಟ್ಟಿಯಾಗಿ ಹೇಳಲಿಲ್ಲ. ಎಲ್ಲರಿಗೂ ಕೇಳಿಸಿತು.

ಹಿಂದಿನ ಸಾಲಿನಿಂದ ಹೂವಪ್ಪ ಎದ್ದ. ಟವೆಲಿನಿಂದ ಮುಖ ಒರೆಸಿಕೊಂಡು ಕೂತ.

* * *

ದಿನೇಶ್ ಮೇಲೆ ಕೇಸಾಯಿತು. ಜಾಮೀನು ಸಿಕ್ಕಿತು. ಸಾಗರದಿಂದ ಬದಲಿ ಡ್ರೋನ್ ಬಂತು. ಅದರ ಮೊದಲ ದಿನ ಶಿಲ್ಪಶ್ರೀಯೂ ಹೊನ್ನೆಜಡ್ಡಿಗೆ ಬಂದಳು. ಕೆಲಸವೇನೂ ಇರಲಿಲ್ಲ, ನೋಡಬೇಕೆನಿಸಿತ್ತು.

ಯಮುನಮ್ಮ ತಗಡಿನ ಡಬ್ಬಿಯನ್ನು ಸ್ವಪ್ನಾಳ ಮುಂದೆ ಹಿಡಿದರು. "ಎರಡೂ ಕೀಲಿ ನಿನ್ನ ಹತ್ರಾನೇ ಇರ್ಲಿ ಮಗಾ. ನನ್ನ ಮನೇಲಿ ಬೇಡ."

"ಹಂಗೆ ಆಗಲ್ಲ ಯಮುನಕ್ಕ. ಒಬ್ಬರ ಹತ್ರಾನೇ ಎರಡೂ ಇರಬಾರ್ದು ಅಂತ ನಿಯಮ ಐತೆ. ನೀವೇ ಇಟ್ಕಳಿ."

"ಇಷ್ಟೆಲ್ಲ ಆದ ಮೇಲೂ ನನ್ನ ಹತ್ರಾನಾ?"

"ಸಂಖ್ಯೆ ಬದಲಾಯ್ಸಿದೀನಿ. ಹೊಸ ಲಕೋಟೆ. ಗಮ್ ಹಾಕಿ ಅಂಟ್ಸಿದೀನಿ." ಒಂದು ಕ್ಷಣ ಬಿಟ್ಟು ಸೇರಿಸಿದಳು, "ಡಬ್ಬಿ ಮಾತ್ರ ಅನ್ನದ ಪಾತ್ರೆಯಿಂದ ದೂರ ಇಡಿ."

ಯಮುನಮ್ಮ ಅಂದು ಮೊದಲ ಸಲ ನಕ್ಕರು. ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡರು.

ಸರದಿಯ ಪ್ರಕಾರ ಅವತ್ತೂ ದಿನೇಶ್ ತೋಟವೇ ಮೊದಲು. ಅವನು ಔಷಧಿಯ ಕ್ಯಾನ್ ಹೊತ್ತು ತಂದು ದೂರ ನಿಂತಿದ್ದ. ಸ್ವಪ್ನಾ ಪುಟ್ಟ ಫ್ಯಾನನ್ನು ತಲೆಯ ಮೇಲೆ ಎತ್ತಿ ಹಿಡಿದಳು. ಹಲಸಿನ ಎಲೆಗಳು, ಸಣ್ಣ ರೆಂಬೆಗಳು ಅಲ್ಲಾಡುತ್ತಿದ್ದವು. ಬರಿಗಣ್ಣಿಗೆ ಅದು ದೊಡ್ಡ ಗಾಳಿಯೇ ಅಲ್ಲ. ಸಂಘದ ಹೆಂಗಸರು, ದಿನೇಶ್, ಸಬ್ ಇನ್ಸ್‌ಪೆಕ್ಟರ್, ಎಲ್ಲರೂ ಅವಳ ಕೈಯನ್ನೇ ನೋಡಿದರು.

"ಆರೂವರೆ," ಎಂದಳು ಸ್ವಪ್ನಾ. "ಇವತ್ತು ಆಗಲ್ಲ."

ದಿನೇಶ್ ಬಗ್ಗಿ ಕ್ಯಾನ್ ಎತ್ತಿಕೊಂಡ.

"ನಾಳೆ ಎಷ್ಟೊತ್ತಿಗೆ ಬರ್ಲಿ?" ಎಂದು ಕೇಳಿದ.