ಬಾವಿಯ ಗೆರೆ

"ಒಳಗೆ ಕೂತು ಯಾರಪ್ಪಾ ಕುಡೀತಿರೋದು?"

ಶಿವಬಸಮ್ಮಜ್ಜಿ ಬಾವಿಗೆ ಬಗ್ಗಿ ಕೇಳಿದರು. ಸುತ್ತ ಯಾರೂ ಇರಲಿಲ್ಲ. ಅವರದೇ ದನಿ ಒಂದು ಗಳಿಗೆ ತಡವಾಗಿ ಮೇಲೆ ಬಂತು. "ಕುಡೀತಿರೋದು..."

ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ಕಮಲಿಗೆ ಮೈ ಜುಮ್ಮೆಂದಿತು.

ಅದು ೧೯೬೨ನೇ ಇಸವಿ, ಮಾರ್ಚ್ ತಿಂಗಳು. ಜಯನಗರದ ಅಂಚಿನ ಆ ಹೊಸ ಬೀದಿಗೆ ಇನ್ನೂ ನಲ್ಲಿ ಬಂದಿರಲಿಲ್ಲ. ಹತ್ತಾರು ಮನೆ, ಆಮೇಲೆ ಲಂಟಾನದ ಪೊದೆ, ಅದರಾಚೆ ಕತ್ರಿಗುಪ್ಪೆಯ ಹೊಲಗಳು.

ಬಾವಿಯ ಲೆಕ್ಕ ಶುರುವಾಗಿದ್ದು ಸ್ಕೂಲಿನಿಂದ. ಗುರುಶಾಂತಪ್ಪ ಮೇಷ್ಟ್ರು ಎಲ್ಲರಿಗೂ ಒಂದೊಂದು ಗ್ರಾಫ್ ಪೇಪರ್ ಕೊಟ್ಟಿದ್ದರು.

"ದಿನಾ ಬದಲಾಗೋ ಒಂದನ್ನ ಆರಿಸ್ಕೊಳ್ಳಿ. ಕೆಳಗೆ ತಾರೀಖು, ಪಕ್ಕದಲ್ಲಿ ಅಳತೆ. ಚುಕ್ಕೆ ಇಟ್ಟು ಸೇರಿಸಿ. ಆಮೇಲೆ ಗೆರೆ ಓದಿ. ಎಲ್ಲಿ ಏರ್ತು, ಎಲ್ಲಿ ಇಳೀತು, ಎಲ್ಲಿ ಸುಮ್ನಿತ್ತು ಅಂತ."

"ಸಾರ್, ನಮ್ಮಪ್ಪನ ಕೋಪ ಹಾಕ್ಲಾ?" ಎಂದ ಸೀನು.

"ಹಾಕೋ. ಪೇಪರ್ ಸಾಲಲ್ಲ, ಅಷ್ಟೆ!"

ಕಮಲಿ ಬಾವಿಯನ್ನು ಆರಿಸಿಕೊಂಡಳು. ಹಗ್ಗಕ್ಕೆ ನಾಲ್ಕು ಬೆರಳಿಗೊಂದರಂತೆ ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿದಳು. ದಿನಾ ಸಂಜೆ ಅದನ್ನು ಇಳಿಬಿಟ್ಟು, ಒದ್ದೆಯಾದ ಗಂಟು ಎಣಿಸುವುದು. ಒಂದನೇ ತಾರೀಖು ಮೂವತ್ತು. ಎರಡನೇ ತಾರೀಖೂ ಮೂವತ್ತು. ಮೂರರಿಂದ ಗೆರೆ ಇಳಿಯತೊಡಗಿತು. ಹತ್ತನೇ ತಾರೀಖಿಗೆ ಇಪ್ಪತ್ತಮೂರಾಗಿತ್ತು.

"ಅಜ್ಜಿ, ನೋಡಿಲ್ಲಿ!" ಅಂದು ಸಂಜೆ ಕಮಲಿ ಕೂಗಿದ್ದಳು. ಗೆರೆ ಓದಲು ಬಂತೆಂಬ ಹಿಗ್ಗು ಅವಳಿಗೆ. "ಸೊಣ್ಣಮ್ಮ ಕೆಲಸಕ್ಕೆ ಬಂದಿದ್ದು ಮೂರನೇ ತಾರೀಖು. ಅವತ್ತಿಂದಾನೇ ಇಳೀತಿದೆ!"

ಅಜ್ಜಿ ನಗಲಿಲ್ಲ. "ಅವಳ ಕಾಲ್ಗುಣ," ಎಂದರು ಮೆಲ್ಲಗೆ.

ಮರುದಿನ ಸೊಣ್ಣಮ್ಮನನ್ನು ಗೇಟಿನಲ್ಲೇ ವಾಪಸು ಕಳಿಸಿದರು. ಅವಳು ಜಗಳವಾಡಲಿಲ್ಲ. ಬಾವಿಯ ಕಡೆ ಒಮ್ಮೆ ನೋಡಿ ಹೊರಟುಹೋದಳು. ದಿನಾ ಕಮಲಿಗೆ ಜಡೆ ಹಾಕಿ, ಹಾಡು ಹೇಳುತ್ತಿದ್ದವಳು ಅವಳೇ.

ಆದರೂ ನೀರು ಇಳಿಯಿತು. "ಹೋಗ್ತಾ ನೋಡಿದ್ಲಲ್ಲ ಒಂದ್ಸಲ, ಅದೇ," ಎಂದರು ಅಜ್ಜಿ. ನೀರು ಸೇದುವುದನ್ನೇ ನಿಲ್ಲಿಸಿ, ಬೀದಿಯ ಕೊನೆ ಮನೆಯಿಂದ ತರಿಸಿದರು. ಬಾವಿಗೆ ತಗಡು ಮುಚ್ಚಿ, ಮೇಲೆ ಕಲ್ಲು ಹೇರಿ, ಕಲ್ಲಿಗೆ ವಿಭೂತಿ ಬಳಿದರು. ಸಂಜೆ ತಗಡು ಸರಿಸಿ ಹಗ್ಗ ಬಿಟ್ಟರೆ ಒಂದು ಗಂಟು ಕಡಿಮೆ. ಯಾರೂ ಮುಟ್ಟದ ನೀರು, ತಾನಾಗಿ ತಾನೇ ಕಡಿಮೆ.

ಇಂದು ಹದಿನೆಂಟನೇ ತಾರೀಖು. ಹದಿನಾರು ಗಂಟು. ಅದಕ್ಕೇ ಅಜ್ಜಿ ಬಾವಿಯನ್ನೇ ಕೇಳಿದ್ದು.

ಮರುದಿನ ಸಂಜೆ ಕಮಲಿ ಉಸಿರು ಬಿಗಿಹಿಡಿದು ಹಗ್ಗ ಎಳೆದಳು. ಹದಿನಾರು. ಮತ್ತೆ ಎಣಿಸಿದಳು. ಹದಿನಾರೇ.

ಇಳಿದಿರಲಿಲ್ಲ. ಸಂತೋಷವಾಗಬೇಕಿತ್ತು, ಆಗಲಿಲ್ಲ. ಹಿತ್ತಿಲು ಅಂದು ಎಂದಿನ ಹಾಗಿರಲಿಲ್ಲ. ಕಿವಿಗೆ ಏನೋ ಕಡಿಮೆಯಾಗಿತ್ತು. ಯಾರೋ ಮಾತು ನಿಲ್ಲಿಸಿ ತನ್ನನ್ನೇ ನೋಡುತ್ತಿರುವ ಹಾಗಿತ್ತು. ಕಮಲಿ ಒಳಗೆ ಓಡಿದಳು.

ಚುಕ್ಕೆ ಇಟ್ಟು ಗೆರೆ ಎಳೆದಳು. ಆಗ ಕಾಣಿಸಿತು. ಗೆರೆ ಒಂದೇ ಸಮ ಇಳಿದಿರಲಿಲ್ಲ. ಮಧ್ಯೆ ಮಧ್ಯೆ ಮೆಟ್ಟಿಲಿನ ಹಾಗೆ ಅಡ್ಡಡ್ಡ ಮಲಗಿತ್ತು. ತಾರೀಖು ಐದು. ಹನ್ನೆರಡು. ಹತ್ತೊಂಬತ್ತು.

ಗೋಡೆಯ ಕ್ಯಾಲೆಂಡರ್ ನೋಡಿದಳು. ಮೂರೂ ಸೋಮವಾರ.

"ಅಜ್ಜಿ, ಅದು ಸೋಮವಾರ ಕುಡಿಯಲ್ಲ!"

ಅಜ್ಜಿಯ ಕೈಯ ಜಪಮಣಿ ನಿಂತಿತು. "ನನ್ನ ಹಾಗೆ ಸೋಮವಾರ ಉಪವಾಸ ಮಾಡೋ ದೆವ್ವ ಎಲ್ಲಾದ್ರೂ ಇರುತ್ತೇನೇ?"

ಮಂಗಳವಾರ ಸ್ಕೂಲಿನಿಂದ ಬಂದವಳೇ ಕಮಲಿ ಬಾವಿಯ ಪಕ್ಕ ಕಣ್ಣು ಮುಚ್ಚಿ ನಿಂತಳು. ಕಿರ್... ಕಿರ್... ದೂರದಲ್ಲಿ ಯಾರೋ ನರಳಿದ ಹಾಗೆ. ನಿನ್ನೆ ಇಲ್ಲದ್ದು ಇದೇ! ದಿನಾ ಕೇಳಿ ಕೇಳಿ, ಕೇಳಿಸುವುದೇ ನಿಂತುಹೋಗಿದ್ದ ಸದ್ದು.

ಸದ್ದಿನ ಹಿಂದೆಯೇ ಲಂಟಾನ ದಾಟಿದಳು. ಅಲ್ಲೊಂದು ಹೊಸ ಬಾವಿ. ಎರಡು ಎತ್ತು ಇಳಿಜಾರಿನಲ್ಲಿ ಹಗ್ಗ ಎಳೆಯುತ್ತಿದ್ದವು. ಗಾಲಿ ಕಿರುಗುಟ್ಟುತ್ತಿತ್ತು. ತೊಗಲಿನ ದೊಡ್ಡ ಚೀಲ ಮೇಲೆ ಬಂದು, ಕಾಲುವೆಗೆ ದಬದಬ ನೀರು ಸುರಿಯುತ್ತಿತ್ತು. ಎತ್ತುಗಳ ಹಿಂದೆ ಹೊಲದ ಗೌಡರು, ಚಿಕ್ಕಬೈರಪ್ಪ.

"ಗೌಡ್ರೇ, ನಿನ್ನೆ ಯಾಕೆ ಕಪಿಲೆ ಹೊಡೀಲಿಲ್ಲ?"

"ಸೋಮವಾರ ಬಸವಣ್ಣನ ಹೆಗಲಿಗೆ ನೊಗ ಇಕ್ತಾರೇನವ್ವಾ? ನಿಮ್ಮಜ್ಜಿನ ಕೇಳು, ಹೇಳ್ತಾರೆ."

"ಯಾವತ್ತಿಂದ ಹೊಡೀತಿದ್ದೀರಾ?"

"ಇದೇ ಮೂರನೇ ತಾರೀಕು, ಶನಿವಾರದಿಂದ. ನಿಮ್ ಬಾವಿಗಿಂತ ಎರಡಾಳು ಆಳ ಐತೆ, ಸುತ್ತಲ ಸೆಲೆಯೆಲ್ಲ ಇಲ್ಲಿಗೇ ಇಳೀತೈತೆ. ಯಾಕವ್ವಾ, ಮುಖ ಹಂಗ್ ಬೆಳ್ಳಗಾತು?"

ಕಮಲಿ ಹೇಳಿದ್ದನ್ನೆಲ್ಲ ಅಜ್ಜಿ ಕಣ್ಣುಮುಚ್ಚಿ ಕೇಳಿದರು. ಜಪಮಣಿಯನ್ನು ಪಕ್ಕಕ್ಕಿಟ್ಟರು. ಆಮೇಲೆ, "ಹೋಗಿ ಸೊಣ್ಣಮ್ಮನ್ನ ಕರ್ಕೊಂಡ್ ಬಾ," ಎಂದರು.

ಸೊಣ್ಣಮ್ಮನ ಊರು ಕತ್ರಿಗುಪ್ಪೆ. ಅಲ್ಲಿನ ಊರಬಾವಿಯ ಹತ್ತಿರ ಹೆಂಗಸರು ನೀರು ಸೇದುತ್ತಿದ್ದರು. ಸೊಣ್ಣಮ್ಮ ಬಿಂದಿಗೆ ಹಿಡಿದು ದೂರದಲ್ಲಿ ಒಬ್ಬಳೇ ನಿಂತಿದ್ದಳು. ಅವಳು ಒಂದು ಹೆಜ್ಜೆ ಮುಂದೆ ಬಂದಳು. ಅಜ್ಜಿ ಆಡಿದ ಕಾಲ್ಗುಣದ ಮಾತು ಇಲ್ಲಿಗೂ ಮುಟ್ಟಿತ್ತು. ಒಬ್ಬೊಬ್ಬರೂ ತಮ್ಮ ತುಂಬಿದ ಬಿಂದಿಗೆಗೆ ಸೆರಗು ಮುಚ್ಚಿದರು. ಒಬ್ಬಳು ಮಗುವಿನ ಮುಖವನ್ನೂ ಮುಚ್ಚಿದಳು.

ಕಮಲಿಯ ಕಾಲು ಅಲ್ಲೇ ನಿಂತವು. ಬಾವಿಯಲ್ಲಿ ಇಣುಕಿದಾಗಲೂ ಅವಳಿಗೆ ಇಷ್ಟು ಭಯವಾಗಿರಲಿಲ್ಲ.

ಓಡಿಹೋಗಿ ಪೇಪರ್ ಬಿಡಿಸಿದಳು. "ಸೊಣ್ಣಮ್ಮ, ಇಲ್ನೋಡು. ಸೋಮವಾರ ಸೋಮವಾರ ಗೆರೆ ಇಳಿದಿಲ್ಲ. ಅದು ಗೌಡ್ರ ಕಪಿಲೆ. ನೀನಲ್ಲ!"

"ನಾನಲ್ಲ ಅಂತ ನಂಗೆ ಗೊತ್ತಿತ್ತು ಕಣವ್ವ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು?"

ಕಮಲಿ ಬಾವಿಕಟ್ಟೆಯ ಕಡೆ ನೋಡಿದಳು. ಸೆರಗುಗಳು ಇನ್ನೂ ಮುಚ್ಚಿಯೇ ಇದ್ದವು. ಅವರಲ್ಲಿ ಯಾರಿಗೂ ಈ ಪೇಪರ್ ಓದಲು ಬರುತ್ತಿರಲಿಲ್ಲ. ಅವಳು ಅದನ್ನು ಮಡಿಸಿದಳು. ಮಡಿಸಿದ ಮೇಲೆ ಮತ್ತೂ ಮಡಿಸಿದಳು.

"ಅಜ್ಜಿಗೆ ಹೇಳಿದ್ದು ನಾನೇ," ಎಂದಳು, ತನಗೇ ಕೇಳಿಸದಷ್ಟು ಸಣ್ಣಗೆ. "ಅಜ್ಜಿನೇ ಕರೀತಿದ್ದಾರೆ. ನಾಳೆಯಿಂದ ಬಾ ಸೊಣ್ಣಮ್ಮ."

ಸೊಣ್ಣಮ್ಮ ಅವಳ ಕೆನ್ನೆಗಂಟಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಖಾಲಿ ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡಳು.

"ಬರಲ್ಲ ಕಣವ್ವ," ಎಂದಳು.